ಬಾಯಿಮಾತಿನ ‘ಇಲ್ಲ’ಕ್ಕೆ ಹಿಂಬರಹ ಕೇಳಿ

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರಿಗೆ ತೋಟದವರು ಕೊಡುವ ಸಾಲುಮನೆಯಲ್ಲಿ ಇರುವವಳು. ಎರವ ಎಂಬ ಬುಡಕಟ್ಟು ಸಮುದಾಯದವಳು, ಈಗ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನನ್ನ ಅಜ್ಜಿಗೆ ಬರುತ್ತಿದ್ದ ಸಂಧ್ಯಾ ಸುರಕ್ಷಾ ಪಿಂಚಣಿ ಹದಿನಾಲ್ಕು ತಿಂಗಳಿಂದ ನಿಂತಿದೆ. ನಾಡಕಚೇರಿಗೆ ನಾಲ್ಕು ಸಲ ಹೋದೆವು. ಒಮ್ಮೆ ‘ಕಂಪ್ಯೂಟರಿನಲ್ಲಿ ಹೆಸರು ತೋರಿಸುತ್ತಿಲ್ಲ’ ಎಂದರು, ಮತ್ತೊಮ್ಮೆ ‘ಬ್ಯಾಂಕಿನಲ್ಲಿ ಕೇಳಿ’ ಎಂದರು. ಬ್ಯಾಂಕಿನವರು ‘ನಾಡಕಚೇರಿಯಲ್ಲೇ ಕೇಳಬೇಕು’ ಎಂದರು. ನನ್ನ ಅತ್ತಿಗೆ ಏಳು ತಿಂಗಳ ಗರ್ಭಿಣಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಸ್ಕ್ಯಾನಿಂಗಿಗೆ ಮಡಿಕೇರಿಗೆ ಹೋಗಲು ಜೀಪು ಬಾಡಿಗೆಗೆ ಸಾಲ ಮಾಡಬೇಕಾಯಿತು. ಎರಡು ವರ್ಷದ ಹಿಂದೆ ಹಳೆಯ ತೋಟ ಬಿಟ್ಟು ಈ ತೋಟಕ್ಕೆ ಬಂದ ಕಾರಣ ಹೊಸ ವಿಳಾಸಕ್ಕೆ ನಮ್ಮಲ್ಲಿ ದಾಖಲೆ ಇಲ್ಲ. ಅರ್ಜಿ ಕೊಡುತ್ತೇವೆ ಎಂದಾಗ ತೋಟದ ಲೆಕ್ಕ ನೋಡುವ ರೈಟರ್ ‘ಲೈನ್ ಮನೆ ಖಾಲಿ ಮಾಡಬೇಕಾದೀತು’ ಎಂದರು. ದೂರು ಕೊಟ್ಟರೆ ಇರುವ ರೇಷನ್ ಕಾರ್ಡೂ ಹೋಗುತ್ತದೆ ಎಂದು ಅಪ್ಪ ಹೆದರಿದ್ದಾರೆ. ಸರ್ಕಾರ ದಯೆಯಿಂದ ಕೊಡುವುದನ್ನು ನಾವು ಹಕ್ಕೆಂದು ಕೇಳಬಹುದೇ? ಯಾರನ್ನು ಕೇಳಬೇಕು? ನಡೆಯಲಾರದ ಅಜ್ಜಿಯನ್ನು ಪ್ರತಿ ಸಲವೂ ಕರೆದುಕೊಂಡು ಹೋಗಲೇಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ಅಜ್ಜಿಯ ಪಿಂಚಣಿ, ಅತ್ತಿಗೆಯ ಹೆರಿಗೆ, ಇರುವ ಸೂರು ಕೈತಪ್ಪುವ ಭಯ. ವಿರಾಜಪೇಟೆಯ ನ್ಯಾಯಾಲಯದಲ್ಲಿ ವಕೀಲಳಾಗಿ, ಕಾನೂನು ಸೇವೆಗಳ ಸಮಿತಿಯ ಪ್ಯಾನೆಲ್‌ನಲ್ಲಿಯೂ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಲೈನ್ ಮನೆಗಳಿಂದ ಬಂದವರ ಸಂಕಟಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡೇ ನನ್ನ ಮೇಜಿಗೆ ಬಂದಿವೆ. ಮನೆಯವರ ಪಾಲಿಗೆ ಅವು ಒಂದೇ ಸಂಕಟ. ಸರ್ಕಾರದಲ್ಲಿ ಮಾತ್ರ ಪಿಂಚಣಿ ಕಂದಾಯ ಇಲಾಖೆಗೆ, ವೈದ್ಯರ ವಿಷಯ ಆರೋಗ್ಯ ಇಲಾಖೆಗೆ, ಪಡಿತರ ಆಹಾರ ಇಲಾಖೆಗೆ, ಲೈನ್ ಮನೆ ಕಾರ್ಮಿಕ ಇಲಾಖೆಗೆ ಸೇರಿದವು. ಆದ್ದರಿಂದ ಅವುಗಳನ್ನು ಬಿಡಿಸಿಕೊಂಡೇ ಉತ್ತರಿಸುತ್ತೇನೆ.

ಹೆರಿಗೆ ಯಾವ ಅರ್ಜಿಗೂ ಕಾಯುವುದಿಲ್ಲವಾದ್ದರಿಂದ ಅದನ್ನು ಮೊದಲು ಹೇಳಬೇಕು. ಅತ್ತಿಗೆಯ ತಾಯಿ ಕಾರ್ಡ್ ಈಗಿನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಗೆ ಸೇರಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಹಳೆಯ ತೋಟದ ಊರಿನಲ್ಲಿ ನೋಂದಣಿಯಾಗಿ, ಇಲ್ಲಿ ಯಾರ ಪಟ್ಟಿಯಲ್ಲೂ ಇಲ್ಲದೆ ಉಳಿದುಹೋದ ಬಸುರಿಯರನ್ನು ನಾನು ಹಲವು ಸಲ ಕಂಡಿದ್ದೇನೆ. ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಾಲ್ಕು ತಿಂಗಳು ಕಳೆದ ಗರ್ಭಿಣಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆ 2016ರಿಂದ ಇದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಸ್ಕ್ಯಾನಿಂಗ್ ಸೇರಿದಂತೆ ಪರೀಕ್ಷೆಗಳು, ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಅಲ್ಲಿಗೆ, ಹೆರಿಗೆಯ ನಂತರ ಮರಳಿ ಮನೆಗೆ ವಾಹನ, ಎಲ್ಲವೂ ಉಚಿತ. ಆಸ್ಪತ್ರೆಯವರು ಮಡಿಕೇರಿಗೆ ಬರೆದುಕೊಟ್ಟ ಮೇಲೂ ನೀವು ಜೀಪಿಗೆ ಹಣ ತೆತ್ತಿದ್ದರೆ, ಆ ಚೀಟಿಯನ್ನೂ ಬಾಡಿಗೆಯ ಲೆಕ್ಕವನ್ನೂ ಎಸೆಯಬೇಡಿ. ಮಳೆಗಾಲದಲ್ಲಿ ಹೆರಿಗೆಯ ದಿನ ಬಂದರೆ, ಮರ ಬಿದ್ದು ರಸ್ತೆ ಮುಚ್ಚುವ ನಮ್ಮ ಜಿಲ್ಲೆಯಲ್ಲಿ ನೋವು ಶುರುವಾಗುವವರೆಗೆ ತೋಟದಲ್ಲಿ ಕಾಯುವುದು ಅಪಾಯ. ವೈದ್ಯರು ಕೊಟ್ಟ ದಿನಾಂಕಕ್ಕೆ ಮೊದಲೇ ವಿರಾಜಪೇಟೆಯ ತಾಲ್ಲೂಕು ಆಸ್ಪತ್ರೆಗೋ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರವಿರುವ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಸಾಧ್ಯವಾದರೆ ಮಾಡಿ.

ಇನ್ನು ದಯೆ ಮತ್ತು ಹಕ್ಕಿನ ಮಾತು. ಸರ್ಕಾರ ಕೊಡುವುದೆಲ್ಲ ದೊಡ್ಡವರ ಕೃಪೆ ಎಂಬ ನಂಬಿಕೆ ನಮ್ಮ ತೋಟಗಳ ಕಡೆ ಗಟ್ಟಿಯಾಗಿ ಬೇರೂರಿದೆ. ಅಕ್ಕಿ, ಕಂಬಳಿ, ಮುಂಗಡ ಎಲ್ಲವೂ ಸಾಹುಕಾರರ ಕೈಯಿಂದಲೇ ಬಂದ ತಲೆಮಾರುಗಳಿಗೆ ಕೊಡುವವರನ್ನು ಪ್ರಶ್ನಿಸುವುದೇ ಕೃತಘ್ನತೆಯಂತೆ ಕಂಡಿತ್ತು. ಕಾನೂನು ಹಾಗೆ ಹೇಳುವುದಿಲ್ಲ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಕೊಟ್ಟ ಮಧ್ಯಂತರ ಆದೇಶವು ಪಡಿತರ, ಅಂಗನವಾಡಿಯ ಆಹಾರ, ಶಾಲೆಯ ಬಿಸಿಯೂಟಗಳ ಜೊತೆಗೆ ರಾಷ್ಟ್ರೀಯ ವೃದ್ಧಾಪ್ಯ ವೇತನವನ್ನೂ ಜನರಿಗೆ ಸಲ್ಲಬೇಕಾದ ಬಾಧ್ಯತೆಯನ್ನಾಗಿ ಮಾಡಿತು. ವೃದ್ಧಾಪ್ಯ ವೇತನವನ್ನು ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಪಾವತಿಸಬೇಕೆಂದೂ ಹೇಳಿತು. ನಿಮ್ಮ ಅಜ್ಜಿಯದು ರಾಜ್ಯದ ಯೋಜನೆಯಾದ್ದರಿಂದ ಆ ಆದೇಶ ಅದಕ್ಕೆ ನೇರವಾಗಿ ಬರೆದದ್ದಲ್ಲ, ಆದರೆ ಮುದುಕರ ಪಿಂಚಣಿಯನ್ನು ನ್ಯಾಯಾಲಯ ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಿದೆ. ವೈದ್ಯಕೀಯ ಸೇವೆಯ ವಿಷಯದಲ್ಲಿ 1996ರ ಪಶ್ಚಿಮ ಬಂಗಾಳದ ಪ್ರಕರಣವನ್ನು ನಾನು ಅರ್ಜಿಗಳಲ್ಲಿ ಮತ್ತೆ ಮತ್ತೆ ಉಲ್ಲೇಖಿಸಿದ್ದೇನೆ. ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಒಂದರ ಹಿಂದೆ ಒಂದರಂತೆ ಸರ್ಕಾರಿ ಆಸ್ಪತ್ರೆಗಳು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಹೊರಕಳಿಸಿದ್ದನ್ನು ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಕರೆಯಿತು, ಹಣವಿಲ್ಲ ಎಂಬ ಕಾರಣವನ್ನು ಒಪ್ಪಲಿಲ್ಲ, ಪರಿಹಾರವನ್ನೂ ಕೊಡಿಸಿತು. 2010ರಲ್ಲಿ ದೆಹಲಿ ಹೈಕೋರ್ಟ್, ಕಾರ್ಡಿನ ತಕರಾರಿನಿಂದ ಬಡ ಗರ್ಭಿಣಿಗೆ ಚಿಕಿತ್ಸೆ ತಪ್ಪಿದ ಪ್ರಕರಣದಲ್ಲಿ, ತಾಯಿಯ ಆರೋಗ್ಯವೂ ಆಹಾರವೂ ಅದೇ ಹಕ್ಕಿನ ಭಾಗವೆಂದು ಹೇಳಿದೆ.

ನಿಮ್ಮ ತಂದೆಯವರ ಭಯವನ್ನು ತಳ್ಳಿಹಾಕಲಾರೆ, ಆದರೆ ಅದರಲ್ಲಿ ನಿಜವೆಷ್ಟು ಎಂದು ಹೇಳಬಲ್ಲೆ. ಪಿಂಚಣಿಯ ಬಗ್ಗೆ ದೂರು ಕೊಟ್ಟಿದ್ದಕ್ಕೆ ರೇಷನ್ ಕಾರ್ಡ್ ರದ್ದು ಮಾಡುವ ಅಧಿಕಾರ ಯಾರಿಗೂ ಇಲ್ಲ. ಅವೆರಡೂ ಬೇರೆ ಇಲಾಖೆಗಳು, ಬೇರೆ ಕಾನೂನುಗಳು. ದೂರಿನಿಂದ ಆಗಬಹುದಾದದ್ದು ಮರುಪರಿಶೀಲನೆ. ಕಡತ ತೆರೆದಾಗ ಅಜ್ಜಿಗೆ ಎರಡು ಪಿಂಚಣಿ ಬರುತ್ತಿತ್ತು ಎಂದೋ ಆಧಾರ್‌ನಲ್ಲಿ ವಯಸ್ಸು ಕಡಿಮೆ ಇದೆ ಎಂದೋ ಕಂಡುಬಂದರೆ ಅದು ತೊಡಕಾಗುತ್ತದೆ. ಆಧಾರ್ ಮಾಡಿಸಿದ ದಿನ ಅಂದಾಜಿಗೆ ಹೇಳಿದ ಹುಟ್ಟಿದ ವರ್ಷವೇ ಈಗ ದಾಖಲೆಯಾಗಿ ಕುಳಿತಿರುವುದು ಬುಡಕಟ್ಟು ಜನ ವಾಸಿಸುವ ನಮ್ಮ ಹಾಡಿಗಳಲ್ಲಿ ಸಾಮಾನ್ಯ. ಸಂಧ್ಯಾ ಸುರಕ್ಷಾಕ್ಕೆ 65 ವರ್ಷ ತುಂಬಿರಬೇಕು, ಆದ್ದರಿಂದ ಅರ್ಜಿಗೆ ಮೊದಲು ಆ ವರ್ಷವನ್ನು ನೋಡಿಕೊಳ್ಳಿ.

ಪಿಂಚಣಿ ಏಕೆ ನಿಂತಿರಬಹುದು? ನನ್ನ ಅನುಭವದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಯಾರೋ ಕೂತು ಇವರಿಗೆ ಕೊಡಬಾರದೆಂದು ತೀರ್ಮಾನಿಸಿರುವುದಿಲ್ಲ. ಹಾಗಾಗಿಯೇ ಯಾರೂ ಹೊಣೆ ಹೊರುವುದೂ ಇಲ್ಲ. ಪಿಂಚಣಿಯ ಹಣ ಈಗ ಆಧಾರ್ ಸಂಖ್ಯೆಯನ್ನು ಹಿಡಿದು ಖಾತೆಗೆ ಹೋಗುತ್ತದೆ. ಒಬ್ಬರಿಗೆ ಎರಡು ಮೂರು ಖಾತೆಗಳಿದ್ದರೆ ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೇ ಹಣ ಬೀಳುತ್ತದೆ. ಸ್ವಸಹಾಯ ಸಂಘಕ್ಕೆಂದೋ ಗೃಹಲಕ್ಷ್ಮಿಗೆಂದೋ ಹೊಸ ಖಾತೆ ತೆರೆದಾಗ ಜೋಡಣೆ ಅಲ್ಲಿಗೆ ಸರಿದಿದ್ದು ಮನೆಯವರಿಗೆ ತಿಳಿದಿರುವುದಿಲ್ಲ. ಹಳೆಯ ಪಾಸ್‌ಬುಕ್ ಹಿಡಿದು ‘ಹಣ ಬಂದಿಲ್ಲ’ ಎಂದು ತಿಂಗಳುಗಟ್ಟಲೆ ಅಲೆಯುತ್ತಾರೆ. ಒಬ್ಬ ಮುದುಕಿಯ ಹನ್ನೊಂದು ತಿಂಗಳ ಪಿಂಚಣಿ, ಆಕೆಗೆ ನೆನಪೇ ಇಲ್ಲದ ಖಾತೆಯಲ್ಲಿ ಹಾಗೆಯೇ ಇದ್ದುದನ್ನು ನಾನೇ ಬ್ಯಾಂಕಿನಲ್ಲಿ ನೋಡಿದ್ದೇನೆ. ಆದ್ದರಿಂದ ಮೊದಲು ಆಧಾರ್ ವೆಬ್‌ಸೈಟಿನಲ್ಲಿ ಅಜ್ಜಿಯ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿ. ಅಲ್ಲಿಯೂ ಹಣವಿಲ್ಲದಿದ್ದರೆ ಎರಡನೆಯ ಸಾಧ್ಯತೆಗೆ ಬರಬೇಕು. ಫಲಾನುಭವಿಗಳು ಬದುಕಿದ್ದಾರೆಯೇ, ಅದೇ ವಿಳಾಸದಲ್ಲಿದ್ದಾರೆಯೇ ಎಂದು ಗ್ರಾಮ ಆಡಳಿತ ಅಧಿಕಾರಿಯು ಪರಿಶೀಲಿಸಿ ವರದಿ ಕೊಡುತ್ತಾರೆ. ಅವರು ಹಳೆಯ ತೋಟದ ಲೈನಿಗೆ ಹೋದಾಗ ನೀವು ಅಲ್ಲಿರಲಿಲ್ಲ. ‘ವಿಳಾಸದಲ್ಲಿ ಇಲ್ಲ’ ಎಂಬ ಒಂದು ಸಾಲು ಪಿಂಚಣಿಯನ್ನು ನಿಲ್ಲಿಸಲು ಸಾಕು. ತೋಟದಿಂದ ತೋಟಕ್ಕೆ ಹೋಗುವುದೇ ಬದುಕಾದವರಿಗೆ ಇದು ಎಂಥ ಅನ್ಯಾಯ ಎಂದು ಆ ನಮೂನೆಯನ್ನು ರೂಪಿಸಿದವರು ಯೋಚಿಸಿದಂತಿಲ್ಲ. ನೀವು ತೋಟ ಬದಲಿಸಿದ ಕಾಲವನ್ನೂ ಪಿಂಚಣಿ ನಿಂತ ಕಾಲವನ್ನೂ ಜೊತೆಗಿಟ್ಟು ನೋಡಿದರೆ ನಿಮ್ಮ ವಿಷಯದಲ್ಲಿ ಇದೇ ನಡೆದಿರುವ ಸಂಭವ ಹೆಚ್ಚು ಎಂದು ನನಗನ್ನಿಸುತ್ತದೆ.

ನಾಲ್ಕು ಸಲ ಹೋದಿರಿ, ನಾಲ್ಕು ಉತ್ತರ ಪಡೆದಿರಿ. ಅವುಗಳಲ್ಲಿ ಒಂದಾದರೂ ಕಾಗದದ ಮೇಲಿದೆಯೇ? ಬಾಯಿಮಾತಿನಲ್ಲಿ ‘ಇಲ್ಲ’ ಎಂದದ್ದಕ್ಕೆ ಮೇಲ್ಮನವಿ ಸಲ್ಲಿಸಲಾಗದು, ಅದನ್ನು ಹೇಳಿದವರ ಹೆಸರು ಎಲ್ಲಿಯೂ ಉಳಿಯದು, ನೀವು ಆ ದಿನ ಬಂದಿದ್ದಿರಿ ಎಂಬುದಕ್ಕೂ ಸಾಕ್ಷಿ ಇರದು. ಕಚೇರಿಯ ಭಾಷೆಯಲ್ಲಿ ಹಿಂಬರಹ ಎನ್ನುವ ಪತ್ರವಿದೆ: ನಿಮ್ಮ ಅರ್ಜಿಯನ್ನು ಇಂಥ ಕಾರಣಕ್ಕೆ ಒಪ್ಪಿದೆ ಅಥವಾ ತಿರಸ್ಕರಿಸಿದೆ ಎಂದು ಅಧಿಕಾರಿ ಸಹಿ ಹಾಕಿ ಕೊಡುವ ಬರಹ. ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವೇ, ಆಡಳಿತದ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ತಿಳಿಸಬೇಕೆಂದು ಹೇಳುತ್ತದೆ. ಐದನೆಯ ಸಲ ಹೋಗುವಾಗ ಪ್ರಶ್ನೆಯನ್ನು ಬರೆದುಕೊಂಡು ಹೋಗಿ. ತಹಶೀಲ್ದಾರರ ಹೆಸರಿಗೆ ಒಂದು ಪುಟದ ಅರ್ಜಿ, ಅದರಲ್ಲಿ ಪಿಂಚಣಿಯ ಮಂಜೂರಾತಿ ಸಂಖ್ಯೆ, ಕೊನೆಯ ಹಣ ಬಂದ ತಿಂಗಳು, ಈಗಿನ ವಿಳಾಸ, ಮತ್ತು ಮೂರೇ ಕೋರಿಕೆ: ನಿಲ್ಲಿಸಿದ ಕಾರಣವನ್ನು ಹಿಂಬರಹದಲ್ಲಿ ತಿಳಿಸಿ, ಪಿಂಚಣಿಯನ್ನು ಮುಂದುವರಿಸಿ, ಬಾಕಿಯನ್ನು ಪಾವತಿಸಿ. ಬಾಕಿಯನ್ನು ಬಾಯಿಬಿಟ್ಟು ಕೇಳದಿದ್ದರೆ ಮುಂದಿನ ತಿಂಗಳಿಂದ ಮಾತ್ರ ಚಾಲನೆ ಕೊಟ್ಟು ಕೈತೊಳೆದುಕೊಳ್ಳುವುದುಂಟು. ತಿಂಗಳಿಗೆ 1,200 ರೂಪಾಯಿಯಂತೆ ಹದಿನಾಲ್ಕು ತಿಂಗಳಿಗೆ 16,800 ರೂಪಾಯಿ ನಿಮ್ಮ ಅಜ್ಜಿಗೆ ಬರಬೇಕು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಟಪಾಲು ವಿಭಾಗದ ಮುದ್ರೆ, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳವಾಡಬೇಡಿ, ಅಂಚೆಯಲ್ಲಿ ಸ್ವೀಕೃತಿ ಸಮೇತ ಕಳಿಸಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವಕೀಲಿಕೆಯ ಮೊದಲ ವರ್ಷಗಳಲ್ಲಿ ಒಂದು ಹಾಡಿಯ ಜನರ ಪರವಾಗಿ ನೀರು, ಪಿಂಚಣಿ, ಅಂಗನವಾಡಿ, ರಸ್ತೆ, ಶವಸಂಸ್ಕಾರದ ಜಾಗ ಎಲ್ಲವನ್ನೂ ಸೇರಿಸಿ ಎಂಟು ಪುಟದ ಮನವಿ ಬರೆದು, ಮೇಲಿನವರಿಗೆ ತಲುಪಿದರೆ ಕೆಳಗಿನವರು ಓಡಿಬರುತ್ತಾರೆ ಎಂದು ನಂಬಿ ನೇರವಾಗಿ ಬೆಂಗಳೂರಿಗೆ ಕಳಿಸಿದೆ. ಅದು ಕಚೇರಿಯಿಂದ ಕಚೇರಿಗೆ ‘ಮುಂದಿನ ಕ್ರಮಕ್ಕಾಗಿ’ ಎಂದು ಇಳಿದು ಇಳಿದು, ಒಂದು ವರ್ಷದ ನಂತರ ನಾವು ಮೊದಲು ಕೇಳಿದ್ದ ಅದೇ ಮೇಜಿಗೆ ಬಂದು ನಿಂತಿತು. ಅಷ್ಟರಲ್ಲಿ ಅರ್ಜಿದಾರರಲ್ಲಿ ಇಬ್ಬರು ತೀರಿಕೊಂಡಿದ್ದರು. ಆಮೇಲೆ ನಾನು ಒಂದು ಅರ್ಜಿಗೆ ಒಂದೇ ವಿಷಯ, ಆ ವಿಷಯಕ್ಕೆ ಸಹಿ ಹಾಕುವ ಅಧಿಕಾರವಿರುವವರಿಗೇ ಅರ್ಜಿ ಎಂಬುದನ್ನು ಬಿಟ್ಟಿಲ್ಲ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ನಿಲ್ಲಿಸಿದಿರಿ’ ಎಂದು ಕೇಳಿದರೆ ಪ್ರಶ್ನೆಗೆ ಉತ್ತರಿಸುವುದು ಮಾಹಿತಿಯಲ್ಲ ಎಂದು ತಳ್ಳಿಬಿಡುತ್ತಾರೆ. ದಾಖಲೆಯನ್ನೇ ಕೇಳಿ, ಅಂದರೆ ಪರಿಶೀಲನಾ ವರದಿಯ ಪ್ರತಿ, ನಿಲುಗಡೆಯ ಆದೇಶದ ಪ್ರತಿ, ಅದಕ್ಕೆ ಸಹಿ ಹಾಕಿದವರ ಹೆಸರು ಮತ್ತು ಹುದ್ದೆ. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೊದಲ ಮೇಲ್ಮನವಿಗೆ ನಿಮಗೆ 30 ದಿನ, ನಂತರ ಮಾಹಿತಿ ಆಯೋಗಕ್ಕೆ ಹೋಗಲು 90 ದಿನ. ನಾನು ಕಂಡ ಎಷ್ಟೋ ಪ್ರಕರಣಗಳಲ್ಲಿ ಪಿಂಚಣಿ ಮರಳಿ ಶುರುವಾದದ್ದು ಆಯೋಗದವರೆಗೆ ಹೋಗಿ ಅಲ್ಲ, ಅರ್ಜಿ ತಲುಪಿದ ವಾರದಲ್ಲಿ ಯಾರೋ ಕಡತವನ್ನು ಹುಡುಕಿ ತೆಗೆದಿದ್ದರಿಂದ.

ಹೊಸ ಅರ್ಜಿ ಹಾಕಿಬಿಡಿ ಎಂಬ ಸಲಹೆಯನ್ನು ನಾಡಕಚೇರಿಯ ಹೊರಗಿನ ಏಜೆಂಟರು ಕೊಡುತ್ತಾರೆ. ಹೊಸ ಅರ್ಜಿಯಾದರೆ ಅದು 2011ರ ಸೇವೆಗಳ ಖಾತರಿ ಕಾಯ್ದೆಯ, ಅಂದರೆ ಸಕಾಲದ ವ್ಯಾಪ್ತಿಗೆ ಬರುತ್ತದೆ ಎಂಬುದು ನಿಜ: ಹದಿನೈದು ಅಂಕಿಯ ಸಂಖ್ಯೆ ಸಿಗುತ್ತದೆ, ಗಡುವು ಮೀರಿದರೆ ಅಥವಾ ತಿರಸ್ಕರಿಸಿದರೆ ಮೇಲ್ಮನವಿ ಇದೆ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಆದರೆ ಹಳೆಯ ಮಂಜೂರಾತಿ ಇನ್ನೂ ಕಂಪ್ಯೂಟರಿನಲ್ಲಿ ಇದ್ದರೆ ಹೊಸದು ತಿರಸ್ಕೃತವಾಗುತ್ತದೆ, ಒಪ್ಪಿತವಾದರೂ ಹದಿನಾಲ್ಕು ತಿಂಗಳ ಬಾಕಿಯ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತಾಗುವ ಅಪಾಯವಿದೆ. ಹಳೆಯದು ರದ್ದಾಗಿದೆ ಎಂದು ಬರಹದಲ್ಲಿ ಸಿಕ್ಕ ಮೇಲೆ ಮಾತ್ರ ಹೊಸ ಅರ್ಜಿ.

ವೈದ್ಯರಿಲ್ಲದ ಆರೋಗ್ಯ ಕೇಂದ್ರದ ಮಾತು ಇದಕ್ಕಿಂತ ಕಷ್ಟದ್ದು, ಅದನ್ನು ಮುಚ್ಚಿಡಲಾರೆ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ಮಾನದಂಡ. ಕಟ್ಟಡವಿದ್ದೂ ವೈದ್ಯರು ಉಳಿಯದಿರಲು ವಸತಿಗೃಹದ ದುಸ್ಥಿತಿ, ಗುತ್ತಿಗೆ ನೇಮಕಾತಿ, ಒಬ್ಬರಿಗೇ ಎರಡು ಮೂರು ಕೇಂದ್ರಗಳ ಪ್ರಭಾರ ಹೀಗೆ ಕಾರಣಗಳಿವೆ, ಮತ್ತು ವಾರಕ್ಕೆ ಎರಡು ದಿನ ಬರುವ ವೈದ್ಯರು ಉಳಿದ ದಿನ ಬೇರೆ ಕೇಂದ್ರದಲ್ಲಿ ದುಡಿಯುತ್ತಿರಲೂಬಹುದು. ಅವರ ಮೇಲೆ ದೂರು ಬರೆದರೆ ಇರುವ ಎರಡು ದಿನವೂ ತಪ್ಪೀತು. ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಮಂಜೂರಾದ ಹುದ್ದೆ, ಖಾಲಿ ಹುದ್ದೆ, ಮೂರು ತಿಂಗಳ ಹಾಜರಾತಿ, ಪ್ರಭಾರದ ಆದೇಶ ಇವುಗಳನ್ನು ಮೊದಲು ಪಡೆಯಿರಿ. ಹುದ್ದೆಯೇ ಖಾಲಿಯಿದ್ದರೆ ಹೊಣೆ ಜಿಲ್ಲೆಯದು ಮತ್ತು ರಾಜ್ಯದ್ದು. ಇದನ್ನು ಒಬ್ಬರೇ ಮಾಡುವ ಬದಲು ಲೈನಿನ ಹತ್ತು ಮಹಿಳೆಯರು ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸುವುದು ಮೇಲು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2007ರಿಂದ ಒಂಬತ್ತು ರಾಜ್ಯಗಳಲ್ಲಿ ಜನರೇ ಆರೋಗ್ಯ ಸೇವೆಯನ್ನು ಪರಿಶೀಲಿಸಿ ಅಂಕ ಕೊಡುವ ಪ್ರಯೋಗ ನಡೆದಾಗ ಕರ್ನಾಟಕವೂ ಅದರಲ್ಲಿತ್ತು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಇವತ್ತಿಗೂ ಇವೆ. ಅವುಗಳ ಸಭೆ ಯಾವಾಗ, ಸದಸ್ಯರು ಯಾರು ಎಂದು ಕೇಳಿದರೆ ಸಾಕು, ಎಷ್ಟೋ ಕಡೆ ಸಭೆ ಸೇರಲು ಅದೇ ಪ್ರೇರಣೆಯಾಗುತ್ತದೆ.

ಕೊಡಗಿನ ಲೈನ್ ಮನೆಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಅವು ಖಾಸಗಿ ಜಾಗದಲ್ಲಿವೆ. ಪಂಚಾಯಿತಿಯನ್ನು ಕೇಳಿದರೆ ನೀರು, ಶೌಚಾಲಯ ತೋಟದ ಮಾಲೀಕರ ಹೊಣೆ ಎನ್ನುತ್ತಾರೆ, ಮಾಲೀಕರನ್ನು ಕೇಳಿದರೆ ಅದೆಲ್ಲ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯು ಐದು ಹೆಕ್ಟೇರಿಗೆ ಕಡಿಮೆಯಿಲ್ಲದ, ಹದಿನೈದು ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಲ್ಲಿ ವಸತಿ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ನೆರವು ಮಾಲೀಕರ ಕರ್ತವ್ಯವೆಂದು ಹೇಳಿತ್ತು; ಆ ವಿಷಯಗಳು ಈಗ ಹೊಸ ಕಾರ್ಮಿಕ ಸಂಹಿತೆಗೆ ಸೇರಿವೆ. ಮಾಲೀಕರಿಗೆ ಕರ್ತವ್ಯವಿದೆ ಎಂದ ಮಾತ್ರಕ್ಕೆ ಲೈನಿನಲ್ಲಿರುವ ಬಸುರಿಗೆ, ಮಗುವಿಗೆ, ಮುದುಕಿಗೆ ಸರ್ಕಾರದ ಹೊಣೆ ತಪ್ಪುವುದಿಲ್ಲ. ಆಶಾ ಕಾರ್ಯಕರ್ತೆಯೋ ಅಂಗನವಾಡಿಯವರೋ ತೋಟದ ಗೇಟಿನೊಳಗೆ ಬರಲು ಯಾರದೂ ಕೃಪೆ ಬೇಕಿಲ್ಲ.

ರೈಟರ್ ಹೇಳಿದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಿಂಚಣಿಯ ಅರ್ಜಿಯಿಂದ ತೋಟಕ್ಕೆ ಯಾವ ನಷ್ಟವೂ ಇಲ್ಲ. ಅದನ್ನು ಸಾಹುಕಾರರಿಗೆ ನೇರವಾಗಿ, ಗೌರವದಿಂದ ತಿಳಿಸಿದರೆ ಎಷ್ಟೋ ಕಡೆ ಅವರೇ ಇಲ್ಲಿ ವಾಸವಿದ್ದಾರೆ ಎಂದು ಪತ್ರ ಬರೆದುಕೊಟ್ಟಿದ್ದಾರೆ. ಆದರೆ ನಿಮ್ಮ ಮನೆಯವರ ಮೇಲೆ ಮುಂಗಡದ ಸಾಲವಿದ್ದು, ಅದು ತೀರುವ ತನಕ ಬೇರೆಡೆ ದುಡಿಯುವಂತಿಲ್ಲ ಎಂಬ ಕಟ್ಟುಪಾಡಿದ್ದರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ವಿಷಯ. ಜೀತದ ಪ್ರತಿಫಲವಾಗಿ ಕೊಟ್ಟ ಮನೆಯಿಂದ ವಿಮುಕ್ತರನ್ನು ಹೊರಹಾಕುವಂತಿಲ್ಲ ಎಂದು ಅದು ಹೇಳುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಆರ್ಥಿಕ ಬಹಿಷ್ಕಾರದ ಬೆದರಿಕೆಯನ್ನೂ ಅಪರಾಧವಾಗಿಸಿದೆ. ಇವನ್ನು ಮಾತಿನಲ್ಲಿ ಎಸೆಯಬೇಡಿ. ಸೂರು ಕಳೆದುಕೊಂಡ ಮೇಲೆ ಕಾಯ್ದೆ ನಿಮ್ಮ ಪರವಾಗಿದ್ದರೂ ಮಳೆಯಲ್ಲಿ ನಿಲ್ಲುವವರು ನೀವೇ. ಲೈನ್ ಮನೆಗಳನ್ನು ಬಿಟ್ಟು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡವರನ್ನು 2016ರ ಡಿಸೆಂಬರಿನಲ್ಲಿ ತೆರವುಗೊಳಿಸಿದ್ದನ್ನೂ, ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಸಿಗುವ ತನಕ ಅವರು ಪಟ್ಟ ಪಾಡನ್ನೂ ಈ ಜಿಲ್ಲೆ ಕಂಡಿದೆ. ಬೆದರಿಕೆ ಮತ್ತೆ ಬಂದರೆ ತಾರೀಖು, ಮಾತು, ಕೇಳಿದವರ ಹೆಸರು ಬರೆದಿಟ್ಟು ಕಾನೂನು ಸೇವೆಗಳ ಸಮಿತಿಗೆ ಬನ್ನಿ.

ಆ ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ವಕೀಲರ ಸೇವೆ ಉಚಿತ. ವಿರಾಜಪೇಟೆ ಮತ್ತು ಮಡಿಕೇರಿಯ ನ್ಯಾಯಾಲಯಗಳಲ್ಲಿ ವಿಚಾರಿಸಬಹುದು, ದೂರವಾಣಿ 15100. ರಾಜ್ಯ ಸರ್ಕಾರದ 1902 ಸಹಾಯವಾಣಿಗೆ ಕರೆ ಮಾಡಿದರೆ ದೂರಿನ ಸಂಖ್ಯೆ ಸಿಗುತ್ತದೆ, ಆದರೆ ‘ವಿಲೇವಾರಿಯಾಗಿದೆ’ ಎಂದು ಬಂದ ಸಂದೇಶವನ್ನು ನಂಬಿ ಸುಮ್ಮನಾಗಬೇಡಿ. ಲೋಕಾಯುಕ್ತಕ್ಕೆ ಕುಂದುಕೊರತೆಯ ದೂರು ಕೊಡಲು ವಿಷಯ ತಿಳಿದು ಆರು ತಿಂಗಳ ಕಾಲಮಿತಿಯಿದೆ, ಪ್ರಮಾಣಪತ್ರವೂ ಬೇಕು. ಹಿಂಬರಹವೊಂದು ಕೈಗೆ ಬಂದರೆ ಕಾರಣ ಯಾವಾಗ ತಿಳಿಯಿತು ಎಂಬುದಕ್ಕೂ ಅದೇ ಆಧಾರ. ಹೈಕೋರ್ಟಿನ ರಿಟ್ ಕೊನೆಗೆ ಇದ್ದೇ ಇದೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ ‘ಕೆಳಗೆ ಏನು ಮಾಡಿದಿರಿ, ಕಾಗದ ತೋರಿಸಿ’ ಎಂಬುದು. ಅಜ್ಜಿಯ ಫೋಟೋ ಹಾಕಿ ಮೊಬೈಲಿನಲ್ಲಿ ಹಂಚಿದರೆ ಬೇಗ ಕೆಲಸವಾಗುತ್ತದೆ ಎಂದು ಯಾರಾದರೂ ಹೇಳಿದರೆ, ಅಜ್ಜಿಯ ಒಪ್ಪಿಗೆಯಿಲ್ಲದೆ ಅದನ್ನು ಮಾಡಬೇಡಿ.

ವಿಳಾಸಕ್ಕೆ ಸ್ವಂತ ಮನೆ ಬೇಕೆಂಬುದು ತಪ್ಪು ತಿಳಿವಳಿಕೆ. ಆಧಾರ್ ವಿಳಾಸ ಬದಲಾವಣೆಗೆ ನಿಗದಿತ ನಮೂನೆಯಲ್ಲಿ ಗ್ರಾಮ ಪಂಚಾಯಿತಿಯ ಮುಖ್ಯಸ್ಥರು ಅಥವಾ ಗೆಜೆಟೆಡ್ ಅಧಿಕಾರಿ ಕೊಡುವ ಪ್ರಮಾಣಪತ್ರ ಸಾಕು. ಪಡಿತರವನ್ನು ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು, ಆದ್ದರಿಂದ ಹಳೆಯ ಊರಿನ ಅಂಗಡಿಗೆ ಬಸ್ಸು ಹತ್ತುವ ಅಗತ್ಯವಿಲ್ಲ. ಕೆಲಸ ಮಾಡಿ ಸವೆದ ಬೆರಳನ್ನು ಯಂತ್ರ ಗುರುತಿಸಲಿಲ್ಲ ಎಂಬ ಕಾರಣಕ್ಕೆ ಸೌಲಭ್ಯ ನಿರಾಕರಿಸುವಂತಿಲ್ಲ ಎಂಬುದು 2018ರ ಆಧಾರ್ ತೀರ್ಪಿನಿಂದ ಸ್ಪಷ್ಟವಾಗಿದೆ.

ಕೊನೆಗೆ, ಅಜ್ಜಿಯನ್ನು ಪ್ರತಿ ಸಲವೂ ಕರೆದೊಯ್ಯಬೇಕೇ ಎಂದು ಕೇಳಿದ್ದೀರಿ. ಬೇಡ. ಅರ್ಜಿಗೆ ಅಜ್ಜಿಯ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಓದಿ ಹೇಳಿದವರಾಗಿ ನಿಮ್ಮ ಸಹಿ ಇರಲಿ. ಕಚೇರಿಗೆ ನೀವೇ ಹೋಗಿ. ಅವರು ಬದುಕಿರುವುದನ್ನು ನೋಡಬೇಕಿದ್ದರೆ ಗ್ರಾಮ ಆಡಳಿತ ಅಧಿಕಾರಿಯೇ ಲೈನ್ ಮನೆಗೆ ಬರಬೇಕೆಂದು ಅದೇ ಅರ್ಜಿಯ ಕೊನೆಯ ಸಾಲಿನಲ್ಲಿ ಕೋರಿ, ಅಜ್ಜಿಗೆ ನಡೆಯಲಾಗುವುದಿಲ್ಲ ಎಂಬ ಕಾರಣವನ್ನೂ ಬರೆಯಿರಿ. ಅವರು ಬಂದ ದಿನ ಹೊಸ ವಿಳಾಸವನ್ನು ವರದಿಯಲ್ಲಿ ಬರೆದುಕೊಂಡರೇ ಎಂದು ಪಕ್ಕದಲ್ಲಿ ನಿಂತು ನೋಡಿ.